ದುರ್ಗಮ್ಮ ಮುಟ್ಟಿದ ಔಷಧಿ

ಡಿಸೆಂಬರಿನ ಇಬ್ಬನಿ ಇನ್ನೂ ಗೋಧಿ ಮಡಿಯ ಮೇಲೆ ಕೂತಿದೆ. ದುರ್ಗಮ್ಮ ಮೊಣಕಾಲೂರಿ ಒಂದು ತೆನೆಯನ್ನು ಎಡಗೈಯಲ್ಲಿ ಹಿಡಿದಿದ್ದಾರೆ. ಬಲಗೈಯ ಚಿಮಟದಿಂದ ಹೂವಿನ ಸಿಪ್ಪೆ ಸರಿಸಿ, ಒಳಗಿನ ಮೂರು ಹಸಿರು ಕೇಸರಗಳನ್ನು ಒಂದೊಂದಾಗಿ ಕೀಳುತ್ತಾರೆ. ಅವು ಹೂವಿನ ಗಂಡು ಭಾಗ. ಒಂದು ಉಳಿದರೂ ಗೋಧಿ ತನಗೆ ತಾನೇ ಕಾಳು ಕಟ್ಟಿಕೊಳ್ಳುತ್ತದೆ, ಆ ತೆನೆ ದಂಡ. ಕಿತ್ತಾದ ಮೇಲೆ ಬೆಣ್ಣೆ ಕಾಗದದ ಚೀಲ ತೊಡಿಸಿ ಮುಂದಿನದಕ್ಕೆ ಸರಿಯುತ್ತಾರೆ. ಎರಡು ಮೂರು ದಿನ ಬಿಟ್ಟು, ಪಕ್ಕದ ಮಡಿಯಿಂದ ರೈ ಎಂಬ ಧಾನ್ಯದ ತೆನೆ ತಂದು ಚೀಲದೊಳಗೆ ಪರಾಗ ಉದುರಿಸಬೇಕು.

"ಇದು ಹೆಣ್ಣಿನ ಮನೆ, ಅದು ಗಂಡಿನ ಮನೆ," ಎಂದು ಎರಡೂ ಮಡಿ ತೋರಿಸುತ್ತಾರೆ. "ಮೊದಲನೇ ವರ್ಷ ರೈ ಅಂದಾಗ ಸಾಸಿವೆ ಅಂದ್ಕೊಂಡಿದ್ದೆ. ಬಜಾರಲ್ಲಿ ಸಾಬ್ರು ಹಂಗೇ ಅಲ್ವಾ ಅನ್ನೋದು? ಗೋಧಿಗೆ ಸಾಸಿವೆ ಕಟ್ತಾರಂತೆ, ಇವರ ತಲೆ ನೆಟ್ಟಗಿಲ್ಲ ಅಂತ ನಮ್ಮೆಜಮಾನ್ರು ನಕ್ಕಿದ್ದೇ ನಕ್ಕಿದ್ದು."

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಕಾಣದಂತೆ ಬೇಲಿ ಹಾಕಿಕೊಂಡ ಖಾಸಗಿ ಬೀಜದ ಕಂಪನಿ ಇದು. ಗೋಧಿಯ ಕಾಳು, ರೈಯ ಗಟ್ಟಿತನ ಎರಡೂ ಇರುವ ಗಿಡವೊಂದು ಸಿಕ್ಕರೆ ದನದ ಮೇವಿಗಾದೀತು ಎಂಬುದು ಅವರ ಲೆಕ್ಕ. ಹೊಸಮನೆಯ ದುರ್ಗಮ್ಮನಿಗೆ ಇದು ಮೂರನೇ ಚಳಿಗಾಲ. ಸಂಜೆ ಶಿವಮೊಗ್ಗದ ಕೋಟೆ ರಸ್ತೆಯ ಹೂವಿನಂಗಡಿಯೊಂದಕ್ಕೆ ಮಲ್ಲಿಗೆ ಕಟ್ಟಿಕೊಡುತ್ತಾರೆ. ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿದ್ದ ಗಂಡನ ಕೆಲಸ ಹೋದಮೇಲೆ ಮನೆ ನಡೆಯುತ್ತಿರುವುದು ಆ ಹತ್ತು ಬೆರಳಿನ ಮೇಲೆ. ಅಂಗಡಿಯಲ್ಲಿ ಆ ಬೆರಳಿನ ಓಟ ನೋಡಿಯೇ ಕಂಪನಿಯವರು ಅವರನ್ನು ಕರೆದದ್ದು. ದಿನಕ್ಕೆ ಇಪ್ಪತ್ತು ತೆನೆ ಆದರೆ ಹೆಚ್ಚು. ಅದರಲ್ಲಿ ಬಹುಪಾಲು ಕಾಳೇ ಕಟ್ಟುವುದಿಲ್ಲ.

ಕಟ್ಟಿದ ಕಾಳು ಬಿತ್ತಿದರೆ ಗಿಡ ಸೊಂಪಾಗಿ ಏಳುತ್ತದೆ, ಆದರೆ ತೆನೆಯೆಲ್ಲ ಜೊಳ್ಳು. ಎರಡು ಬೇರೆ ಕುಲದ ಕೂಸು ಅದು. ಮುಂದಕ್ಕೆ ಕಾಳು ಹಿಡಿಯಬೇಕಾದರೆ ಎಳೆ ಗಿಡ ಕಿತ್ತು, ಬೇರು ತೊಳೆದು, ಕಾಲ್ಚಿಸಿನ್ ಎಂಬ ರಾಸಾಯನಿಕದ ನೀರಿನಲ್ಲಿ ಕೆಲವು ಗಂಟೆ ಅದ್ದಿಟ್ಟು ಮತ್ತೆ ನೆಡಬೇಕು. ಹೋದ ವರ್ಷ ಅದ್ದಿದವರು ದುರ್ಗಮ್ಮ. ಬರಿಗೈಯಲ್ಲಿ. ಪುಡಿಯನ್ನು ನೀರಿಗೆ ಬೆರೆಸಿಕೊಟ್ಟ ಮ್ಯಾನೇಜರ್ ನರಸಿಂಹಮೂರ್ತಿಯವರ ಕೈಯಲ್ಲಿ ಗ್ಲೌಸ್ ಇತ್ತು.

"ಏನ್ ಸಾರ್ ಇದು ಅಂದೆ. ಔಷಧಿ ಅಂದ್ರು. ಸರಿ ಅಂತ ಕೈ ಹಾಕ್ದೆ."

ನಮ್ಮಲ್ಲಿ ಬೆಳೆಗೆ ಹೊಡೆಯುವುದೂ ಔಷಧಿ, ತಿಗಣೆಗೆ ಹಾಕುವುದೂ ಔಷಧಿ, ಮಗುವಿನ ಜ್ವರಕ್ಕೆ ಕೊಡುವುದೂ ಔಷಧಿ. ಔಷಧಿ ಕುಡಿದು ಹುಷಾರಾದ ಎನ್ನುತ್ತೇವೆ, ಔಷಧಿ ಕುಡಿದು ಸತ್ತ ಎಂದೂ ಎನ್ನುತ್ತೇವೆ. ಯಾವುದು ಯಾವುದೆಂದು ತಿಳಿದವರು ಬಾಯಿ ಬಿಟ್ಟರೆ ಮಾತ್ರ ಉಳಿದವರಿಗೆ ಗೊತ್ತಾಗುತ್ತದೆ. ತಿಳಿದವರು ಸುಮ್ಮನಿದ್ದರು. ಅದೇ ಕೈಯಲ್ಲಿ ದುರ್ಗಮ್ಮ ಬುತ್ತಿ ಬಿಚ್ಚಿ ಉಂಡರು.

ಆ ವಾರವೇ ಬೆರಳ ತುದಿ ಸಿಪ್ಪೆ ಸುಲಿಯತೊಡಗಿತು. ಆಮೇಲೆ ಜೋಮು. ಮಲ್ಲಿಗೆ ಮೊಗ್ಗು ಕೈಗೆ ಬಂತೋ ಜಾರಿತೋ ನೋಡದೆ ತಿಳಿಯುವುದಿಲ್ಲ. ವೈದ್ಯರ ಹತ್ತಿರ ಹೋದರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಯಾವ ಔಷಧಿ ಮುಟ್ಟಿದ್ದು ಎಂದು. ಹೆಸರು ಹೇಳಲು ದುರ್ಗಮ್ಮನಿಗೆ ಗೊತ್ತಿರಲಿಲ್ಲ. ಅದರಿಂದಲೇ ಹೀಗಾಯಿತು ಎಂದು ಯಾರೂ ಹೇಳಿಲ್ಲ, ಅದರಿಂದಲ್ಲ ಎಂದೂ ಹೇಳಿಲ್ಲ.

ವಿಷಯ ಹೊರಬಿದ್ದದ್ದು ಹೋದ ತಿಂಗಳು, ಮೇಸ್ತ್ರಿ ಏಕಾಂತಪ್ಪನ ತಮಾಷೆಯಲ್ಲಿ. "ಹೂವಿನೋಳಿಗೆ ಹೂವಿನ ಔಷಧಿನೇ ಸಿಕ್ತು ನೋಡು ಮಾರಾಯ್ತಿ. ಗೌರಿ ಹೂವಿನ ಗಿಡದಿಂದ್ಲೇ ತೆಗೆಯೋದಂತೆ ಅದನ್ನ!"

ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಆ ಹೂವನ್ನು ದುರ್ಗಮ್ಮ ಚಿಕ್ಕಂದಿನಿಂದ ಬಲ್ಲರು. ಅದರ ಗಡ್ಡೆ ತಿಂದು ಸತ್ತವರ ಕಥೆಯನ್ನೂ.

"ಅವನು ನಗ್ತಿದ್ದ. ನಾನು ಸೀದಾ ಮ್ಯಾನೇಜರ್ ಹತ್ರ ಹೋದೆ. ಗ್ಲೌಸ್ ಕೊಡದೆ ಇನ್ನು ಮುಟ್ಟಲ್ಲ ಅಂದೆ. ಗ್ಲೌಸ್ ಹಾಕಿದ್ರೆ ಬೇರು ಮುರಿಯುತ್ತೆ ದುರ್ಗಮ್ಮ, ನಿನ್ನ ಬೆರಳಿನ ನಾಜೂಕು ರಬ್ಬರಿಗೆ ಎಲ್ಲಿ ಬರಬೇಕು ಅಂದ್ರು ಮ್ಯಾನೇಜರ್ರು. ನಾಜೂಕು ಹೋಗೇ ಹೋಯ್ತಲ್ಲ ಸಾರ್ ಅಂದೆ."

ಗ್ಲೌಸ್ ಯಾಕೆ ಕೊಡಲಿಲ್ಲ ಎಂದು ನರಸಿಂಹಮೂರ್ತಿಯವರನ್ನು ಕೇಳಿದರೆ ಅವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಆ ನೋಟದಲ್ಲಿ ನಾಚಿಕೆಯಿಲ್ಲ, ಅವಸರವಿದೆ. ಶೆಡ್ಡಿನಲ್ಲಿರುವ ಎಳೆ ಗಿಡಗಳನ್ನು ಈ ವಾರ ಅದ್ದದಿದ್ದರೆ ಅವು ಬಲಿತುಬಿಡುತ್ತವೆ, ವರ್ಷದ ಕೆಲಸವೆಲ್ಲ ಜೊಳ್ಳು. ಅದಕ್ಕೇ ಇವತ್ತು ಭದ್ರಾವತಿಯಿಂದ ಸೆಲ್ವಿ ಎಂಬ ಹೊಸಬಳನ್ನು ಕರೆಸಿದ್ದಾರೆ. ಇಪ್ಪತ್ತು ದಾಟಿದಂತಿಲ್ಲ. ಅವಳು ಗೇಟು ದಾಟುವ ಮೊದಲೇ ದುರ್ಗಮ್ಮ ಚಿಮಟ ಕೆಳಗಿಟ್ಟು ಎದುರು ಹೋಗುತ್ತಾರೆ.

"ಗೌರಿ ಹೂವಿನ ಗಡ್ಡೆ ಗೊತ್ತೇನಮ್ಮ? ಬೆಂಕಿ ಥರ ಇರುತ್ತಲ್ಲ ಹೂವು, ಅದರದ್ದು."

ಸೆಲ್ವಿ ತನ್ನ ತಮಿಳಿನಲ್ಲಿ ಅದರ ಹೆಸರು ಹುಡುಕುತ್ತಾಳೆ. "ಕಣ್ವಲಿ ಕಿಳಂಗಾ ಅಕ್ಕ? ಅಯ್ಯೋ, ಅದು ಮುಟ್ಟಿದ್ರೆ ನಮ್ಮ ಅಜ್ಜಿ ಬೆನ್ನು ಮುರಿಯೋ ಹಂಗೆ ಹೊಡೀತಿತ್ತು!"

"ಅದೇ ಇಲ್ಲಿ ಬಾಟ್ಲಿಯೊಳಗಿರೋದು."

ಸೆಲ್ವಿ ಟಿಫಿನ್ ಡಬ್ಬಿ ಸಮೇತ ಬದುವಿನ ಮೇಲೆ ಕೂತುಬಿಡುತ್ತಾಳೆ. ಪಕ್ಕದಲ್ಲಿ ದುರ್ಗಮ್ಮ. "ನೀನಿಲ್ಲಿ ಯೂನಿಯನ್ ಮಾಡ್ತೀಯಾ?" ಎಂದು ಮ್ಯಾನೇಜರ್ ಕೂಗುತ್ತಾರೆ. ಇಬ್ಬರೂ ಬದುವಿನಿಂದ ಏಳುವುದಿಲ್ಲ. ಬಿಸಿಲು ಶೆಡ್ಡಿನ ಮೇಲೇರುತ್ತದೆ. ಕೊನೆಗೆ ಏಕಾಂತಪ್ಪನ ಮೊಪೆಡ್ ಪೇಟೆಯ ಕಡೆ ಹೊರಡುತ್ತದೆ. ಹೋದ ವರ್ಷವೆಲ್ಲ ಸಿಗದಿದ್ದ ಗ್ಲೌಸ್, ಪೊಟ್ಟಣಗಟ್ಟಲೆ, ಅನ್ನ ಬೇಯುವಷ್ಟರಲ್ಲಿ ಬಂದುಬಿಡುತ್ತದೆ.

ದುರ್ಗಮ್ಮ ಮೊದಲ ಜೊತೆಯನ್ನು ಸೆಲ್ವಿಗೆ ತೊಡಿಸಿ, ಆಮೇಲೆ ತಾವು ಹಾಕಿಕೊಳ್ಳುತ್ತಾರೆ.

"ಆಯ್ತಲ್ಲ ಮಾರಾಯ್ತಿ, ಈಗ ಹೋಗಿ ಆ ಔಷಧಿ ತಗೊಂಡು ಬಾ," ಎನ್ನುತ್ತಾರೆ ನರಸಿಂಹಮೂರ್ತಿ.

ದುರ್ಗಮ್ಮ ಅಲುಗುವುದಿಲ್ಲ. "ಯಾವ ಔಷಧಿ ಸಾರ್?"

"ಅದೇ, ಬಾಟ್ಲಿ."

"ಬಾಟ್ಲೀಲಿ ಏನಿದೆ ಸಾರ್? ಈ ಹುಡುಗಿ ಹೊಸಬಳು, ಅವಳಿಗೂ ಕೇಳಲಿ."

ಮ್ಯಾನೇಜರ್ ಸೆಲ್ವಿಯನ್ನು ನೋಡುತ್ತಾರೆ, ಏಕಾಂತಪ್ಪನನ್ನು ನೋಡುತ್ತಾರೆ.

"ವಿಷ," ಎನ್ನುತ್ತಾರೆ. "ವಿಷದ ಬಾಟ್ಲಿ ತಗೊಂಡು ಬಾ."

"ಈಗ ತರ್ತೀನಿ ಸಾರ್."