ದನಿಯಿಲ್ಲದೆ ಕತೆ ಹೇಳುವ ಆದಿಲಕ್ಷ್ಮಮ್ಮ

ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಕೋಳಿ ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ. ಅದಕ್ಕೂ ಮೊದಲೇ ಮಗ್ಗಗಳು ಎದ್ದಿರುತ್ತವೆ. ತಗಡಿನ ಶೆಡ್ಡಿನೊಳಗೆ, ಟ್ಯೂಬ್‌ಲೈಟಿನ ಮಂಕು ಬೆಳಕಿನಲ್ಲಿ, ಆದಿಲಕ್ಷ್ಮಮ್ಮ ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂತಿದ್ದಾರೆ. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗಳಿಗೆ ನೂಲು ತುಂಬುವುದು ಅವರ ಕೆಲಸ. ಕೈ ತನ್ನ ಪಾಡಿಗೆ ಓಡುತ್ತಿದೆ, ಮುಖ ಮಾತ್ರ ಮಗ್ಗ ನಡೆಸುವ ಹೆಂಗಸರ ಕಡೆ ತಿರುಗಿದೆ. ತುಟಿಗಳು ಆಡುತ್ತಿವೆ, ಹುಬ್ಬು ಏರುತ್ತದೆ, ತಲೆ ಮೇಲೆ ಕೆಳಗೆ ತೂಗುತ್ತದೆ. ಆಚೆ ಮಗ್ಗದ ರೂಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ನಗುವೂ ಕೇಳಿಸುವುದಿಲ್ಲ.

ನನ್ನ ಅಜ್ಜಿಯ ಕತೆಯೊಂದರಲ್ಲಿ ರಾಕ್ಷಸನೊಬ್ಬ ಇಡೀ ಪಟ್ಟಣದ ದನಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋಗುತ್ತಾನೆ. ಶೆಡ್ಡಿನ ಬಾಗಿಲಲ್ಲಿ ನಿಂತರೆ ಆ ಪಟ್ಟಣ ಇದೇ ಇರಬೇಕು ಅನ್ನಿಸುತ್ತದೆ. ಮಗ್ಗದ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲ. ಹಾಗಾಗಿ ಇಲ್ಲಿ ತುಟಿಯಲ್ಲಿ ಮಾತಾಡುತ್ತಾರೆ, ಕಣ್ಣಲ್ಲಿ ಕೇಳಿಸಿಕೊಳ್ಳುತ್ತಾರೆ. ಬೈಗುಳ, ಸಾರಿನ ಸುದ್ದಿ, ಸೊಸೆಯ ದೂರು ಎಲ್ಲವೂ ಹೀಗೆಯೇ. ಆದಿಲಕ್ಷ್ಮಮ್ಮ ಕತೆಗಳನ್ನೂ ಹೀಗೆಯೇ ಹೇಳುತ್ತಾರೆ. ಎಲ್ಲವೂ ಅವರೇ ಕಟ್ಟಿದವು.

ಆವತಿಯಿಂದ ಇಲ್ಲಿಗೆ ಮದುವೆಯಾಗಿ ಬಂದ ವರ್ಷವೇ ಅವರು ಶೆಡ್ಡು ಸೇರಿದರು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಪಾಳಿ. ಮೂವತ್ತು ವರ್ಷಗಳ ಸದ್ದು ಬಲಗಿವಿಯನ್ನು ಪೂರ್ತಿ ತಿಂದಿದೆ, ಈಗ ಎಡಗಿವಿಗೆ ಬಂದಿದೆ. ಡಾಕ್ಟರು ಕೆಲಸ ಬಿಡಿ ಅಂದರಂತೆ. "ಬುಟ್ಟು ಮನೇಲಿ ಕೂತ್ಕೊಂಡು ಏನ್ ಕೇಳಿಸ್ಕಳಾದು? ಹೊಟ್ಟೆ ಗುರ್ ಅನ್ನಾದಾ?" ಅಂತ ಕೇಳಿ ಅವರೇ ನಗುತ್ತಾರೆ. ಪಾಳಿ ಮುಗಿದ ಮೇಲೆ ಅವರ ಮನೆಯಲ್ಲಿ ಮಾತಾಡುವಾಗ ನಾನು ಅವರ ಎಡಗಡೆಗೇ ಕೂರಬೇಕು.

ಅವರ ಕತೆಗಳಲ್ಲಿ ಶೆಡ್ಡಿನವರಿಗೆಲ್ಲ ಅಚ್ಚುಮೆಚ್ಚಿನದು ತಲೆಯಾಡಿಸುವ ಸೊಸೆಯದು. ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಅಂತ ತಲೆಯಾಡಿಸಿ ಆಡಿಸಿ, ಒಂದು ದಿನ ಅವಳ ತಲೆ ನಿಲ್ಲುವುದನ್ನೇ ಮರೆತುಬಿಡುತ್ತದೆ. ಬೀದಿಯಲ್ಲಿ ಹೋಗುವ ಬಳೆಗಾರನಿಗೂ ಹೂಂ, ಎಮ್ಮೆ ಮಾರುವವನಿಗೂ ಹೂಂ. ಎಮ್ಮೆ ಮನೆಯೊಳಗೇ ಬಂದು ನಿಲ್ಲುತ್ತದೆ. ಕೊನೆಗೆ ತಲೆ ಕಳಚಿ ತೆಂಗಿನಕಾಯಿಯಂತೆ ಬಾವಿಗೆ ಬೀಳುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಹೆಂಗಸರು ಮಗ್ಗ ಹಿಡಿದುಕೊಂಡು ನಗುತ್ತಿರುತ್ತಾರೆ.

ಹೋದ ವರ್ಷ ತಾಲ್ಲೂಕಿನ ಬರಹಗಾರರ ಸಮ್ಮೇಳನ ನಡೆದಾಗ ಅವರ ಹೆಸರು ಕೊಟ್ಟವರು ರೂಪ. "ಅಕ್ಕ, ನೀನೂ ಬರಹಗಾರ್ತಿನೇ, ಬರಿಯಾದೊಂದಿಲ್ಲ ಅಷ್ಟೇ" ಎಂದು ಛೇಡಿಸಿ ಕರೆದುಕೊಂಡು ಹೋದರಂತೆ. ಕಲ್ಯಾಣ ಮಂಟಪದ ವೇದಿಕೆ. ತಲೆಗೆ ಮೂರು ನಿಮಿಷ. ಇವರ ಸರದಿ ಬರುವ ಹೊತ್ತಿಗೆ ಕರೆಂಟು ಹೋಯಿತು. ವೇದಿಕೆಯ ಬೆನ್ನಿಗೇ ಇಟ್ಟಿದ್ದ ಜನರೇಟರು ಗಡಗಡ ಶುರುವಾಯಿತು. ಆ ಸದ್ದು ಎದ್ದ ಕೂಡಲೇ ಆದಿಲಕ್ಷ್ಮಮ್ಮನ ದನಿ ರೂಢಿಯಂತೆ ತನ್ನಷ್ಟಕ್ಕೆ ತಾನೇ ನಿಂತಿತು, ಅದು ಅವರ ಗಮನಕ್ಕೂ ಬರಲಿಲ್ಲ. ಮೈಕಿನ ಮುಂದೆ ನಿಂತು, ಶೆಡ್ಡಿನಲ್ಲಿ ಹೇಳುವ ಹಾಗೇ, ಇಡೀ ಕತೆಯನ್ನು ತುಟಿಯಲ್ಲೇ ಹೇಳಿದರು.

ಮೈಕಿನವನು ತಂತಿ ಎಳೆದಾಡಿದ. ಹಿಂದಿನಿಂದ ಯಾರೋ "ಸೌಂಡ್ ಕೊಡೋ ಗುರು" ಅಂದರು. ಸಭೆ ನಕ್ಕಿತು. ರೂಪ ಕತೆಗೆ ನಗುತ್ತಿದ್ದರು, ಹಾಗಾಗಿ ಉಳಿದವರೂ ಅದಕ್ಕೇ ನಗುತ್ತಿದ್ದಾರೆ ಅಂತ ಆದಿಲಕ್ಷ್ಮಮ್ಮ ಅಂದುಕೊಂಡರು. ಗಂಟೆ ಹೊಡೆದರು, ಶಾಲು ಹೊದಿಸಿದರು.

"ನಾನು ಜಮಾಯಿಸ್ಬುಟ್ಟೆ ಅಂದ್ಕೊಂಡೇ ಇಳಿದ್ ಬಂದೆ ಕಣವ್ವ," ಎನ್ನುತ್ತಾರೆ. "ಊಟದ ಸಾಲಲ್ಲಿ ಒಬ್ರು ಮೇಡಮ್ಮು, 'ಯಾಕಮ್ಮಾ, ಭಯ ಆಯ್ತಾ? ಮಾತೇ ಆಡ್ಲಿಲ್ವಲ್ಲಾ' ಅಂದ್ರು. ನನ್ ಕೈಲಿದ್ದ ಎಲೆ ಅಂಗೇ ಬಿದ್ದೋಯ್ತು."

ಆ ಮೇಡಂ ಬಿಡಲಿಲ್ಲ. ಉಂಡೇಳುವ ಹೊತ್ತಿಗೆ ಜನರೇಟರು ನಿಂತಿತ್ತು. ಪೆಂಡಾಲಿನ ಮೂಲೆಯಲ್ಲಿ ನಾಲ್ಕಾರು ಹೆಂಗಸರು ಕುರ್ಚಿ ಎಳೆದುಕೊಂಡು, ಈಗ ಹೇಳಿ ಅಂದರು. ಆದಿಲಕ್ಷ್ಮಮ್ಮ ಬಾಯಿಬಿಟ್ಟು ಹೇಳತೊಡಗಿದರು. ಬಳೆಗಾರ ಬಂದ, ಎಮ್ಮೆ ಬಂತು, ಎಲ್ಲರೂ ನಕ್ಕರು. ಆಮೇಲೆ ತವರಿನಿಂದ ಸೊಸೆಯ ಅಪ್ಪ ಬರುತ್ತಾನೆ. ಚೆನ್ನಾಗಿದ್ದೀಯೇನವ್ವ ಅಂತ ಕೇಳುತ್ತಾನೆ. ಮಗಳ ತಲೆ ಹೌದು ಹೌದು ಅಂತ ಆಡುತ್ತದೆ. ಅಪ್ಪ ಸಮಾಧಾನವಾಗಿ ಬಸ್ಸು ಹತ್ತುತ್ತಾನೆ.

"ಶೆಡ್ಡಲ್ಲಿ ಈ ಜಾಗಕ್ಕೇ ಜಾಸ್ತಿ ನಗಾದು. ಪೆಂಡಾಲಲ್ಲಿ ಒಬ್ರೂ ನಗ್ಲಿಲ್ಲ. ನನ್ ದನಿ ನಂಗೇ ಕೇಳ್ತು ನೋಡು. ಇಷ್ಟು ವರ್ಸ ಇದನ್ನ ನಗ್ಸೋ ಕತೆ ಅಂದ್ಕೊಂಡಿದ್ದೆ."

ಮುಂದೆ ಹೇಳಲಾಗಲಿಲ್ಲ. ಅಷ್ಟರಲ್ಲಿ ಮುಂದಿನ ಗೋಷ್ಠಿಗೆ ಕರೆದರು, ಹೆಂಗಸರು ಎದ್ದು ಹೋದರು. ಕತೆ ಬಸ್ ಸ್ಟ್ಯಾಂಡಿನಲ್ಲೇ ನಿಂತಿತು.

ಸಮ್ಮೇಳನದಿಂದ ಬಂದವರು ಶಾಲು, ಫಲಕ, ಪೇಪರಿನ ಫೋಟೋ ತರುತ್ತಾರೆ. ನಿಮಗೇನು ಸಿಕ್ಕಿತು ಅಂತ ಕೇಳಿದೆ. ಸೆರಗಿಗೆ ಅಂಟಿದ್ದ ನೂಲಿನ ಎಳೆ ಬಿಡಿಸತೊಡಗಿದರು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದೆ.

"ಕೇಳ್ತು ಬುಡು. ನನ್ ಕತೆ ನನ್ ಕಿವಿಗೆ ಬಿತ್ತು. ಅದೇ ಸಿಕ್ಕಿದ್ದು. ಸಿಗ್ದಿದ್ರೇ ಚೆಂದಾಗಿತ್ತೇನೋ. ಈಗ ಶೆಡ್ಡಲ್ಲಿ ಹೇಳ್ತೀನಿ, ಅವ್ರು ನಗ್ತಾರೆ. ನಂಗೆ ನಗು ಬರಲ್ಲ."

ಎಡಗಿವಿ ಈ ವರ್ಷ ಇನ್ನಷ್ಟು ಇಳಿದಿದೆ. ಮೊನ್ನೆ ಕುಕ್ಕರ್ ಕೂಗಿ ಕೂಗಿ ಅನ್ನ ಸೀದುಹೋದರೂ ಅವರಿಗೆ ಗೊತ್ತಾದದ್ದು ವಾಸನೆಯಿಂದ.

ನಾವು ಮಾತಾಡುತ್ತಿರುವಾಗಲೇ ಸಮ್ಮೇಳನದ ಸಂಚಾಲಕ ದೇವರಾಜ್ ಮೇಷ್ಟ್ರು ಸ್ಕೂಟರ್ ನಿಲ್ಲಿಸಿ ಒಳಗೆ ಬರುತ್ತಾರೆ. ಮುಂದಿನ ತಿಂಗಳು ಮತ್ತೆ ಸಮ್ಮೇಳನ. ಒಳ್ಳೆಯ ಮನುಷ್ಯ, ಉಪಾಯವನ್ನೂ ತಂದಿದ್ದಾರೆ. "ಹೋದ್ಸಲದ ಥರ ಆಗೋದು ಬೇಡ ಅಮ್ಮ. ಕತೇನ ರೂಪ ಹತ್ರ ಬರೆಸಿ ಕೊಡಿ. ಕಾಲೇಜಿನ ಹುಡುಗಿ ಒಬ್ಬಳು ಚೆನ್ನಾಗಿ ಓದ್ತಾಳೆ. ನೀವು ಪಕ್ಕದಲ್ಲಿ ಕೂತಿದ್ರೆ ಸಾಕು."

ಆದಿಲಕ್ಷ್ಮಮ್ಮ ಮೇಷ್ಟ್ರ ತುಟಿಯನ್ನೇ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ.

"ಬ್ಯಾಡ ಸಾ. ನಾನೇ ಹೇಳ್ತೀನಿ."

"ಮತ್ತೆ ಜನರೇಟರ್ ಹಾಕಿದ್ರೆ?"

"ಅದು ನಿಲ್ಲೋಗಂಟ ಕಾಯ್ತೀನಿ."

"ಅಷ್ಟೊತ್ತಿಗೆ ಜನ ಎದ್ದು ಹೋಗಿರ್ತಾರಲ್ಲಮ್ಮಾ."

"ಓಗ್ಲಿ ಬುಡಿ. ಬಾವಿಗೆ ತಲೆ ಬೀಳಾದು ಶೆಡ್ಡಲ್ಲಿ ಹೇಳೋ ಕತೆ ಕೊನೆ. ಬಾಯ್ಬುಟ್ಟು ಹೇಳಿದ್ರೆ ಆ ಕೊನೆ ಬರಾಕಿಲ್ಲ, ಇನ್ನೇನೋ ಐತೆ ಅದ್ರೊಳ್ಗೆ. ಏನಂತ ನಂಗೂ ಗೊತ್ತಿಲ್ಲ. ಈ ಕಿವಿ ಮುಚ್ಕಳಾದ್ರೊಳ್ಗೆ ಒಂದ್ಸಲ ಅದನ್ನ ಕೇಳ್ಬೇಕು ಸಾ."