ಪಕ್ಕದ ಸೀಟಿನ ಅಳತೆ

ನಾಲ್ಕು ವರ್ಷದ ಹಿಂದಿನ ಮಾತು. ಹುಮನಾಬಾದಿನಲ್ಲಿ ಹೈವೇ ಬದಿಯ ನನ್ನ ವೆಲ್ಡಿಂಗ್ ಅಂಗಡಿಗೆ ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವುದು ನನ್ನ ಕಸುಬು. ತೆರೆದ ಜೀಪುಗಳ ಶೋಕಿ ಹೆಚ್ಚಿದ ಮೇಲೆ ಅವಕ್ಕೆ ಪೈಪು ಬಗ್ಗಿಸಿ ಕೂಡಿಸುವ ಕೆಲಸವೂ ಬರತೊಡಗಿತ್ತು.

ಗಾಡಿ ಮಗುಚಿದರೆ ಒಳಗಿದ್ದವರು ಜಜ್ಜಿಹೋಗಬಾರದೆಂದು ಈ ಪೈಪು. ಸೀಟಿನ ಹಿಂದೆ ಒಂದೇ ಕಮಾನು ನಿಲ್ಲಿಸಿದರೆ ರೋಲ್ ಬಾರ್. ಮುಂದೆ, ಮೇಲೆ, ಎರಡೂ ಮಗ್ಗುಲಿಗೆ ಪೈಪು ಓಡಿಸಿದರೆ ರೋಲ್ ಕೇಜ್. ನಮ್ಮ ಕಡೆ ಅದಕ್ಕೆ ಪಿಂಜರಾ ಎನ್ನುತ್ತಾರೆ. ಪಿಂಜರಾ ರೇಸಿನವರದು. ಅವರು ಹೆಲ್ಮೆಟ್ ಹಾಕಿ, ಭುಜ ಸೊಂಟ ಎರಡನ್ನೂ ಬಿಗಿಯುವ ಬೆಲ್ಟಿನಲ್ಲಿ ಕೂಡುತ್ತಾರೆ. ಪೇಟೆಗೆ ಹೋಗುವವರ ಬರಿದಲೆಯ ಪಕ್ಕ ಅದೇ ಪೈಪು ಸುತ್ತಿಗೆ ಇದ್ದ ಹಾಗೆ. ಕಮಾನು, ಪಿಂಜರಾ ಎರಡಕ್ಕೂ ಆರ್‌ಟಿಒ ಒಪ್ಪಿಗೆ ಬೇಕು. ನನ್ನ ಗಿರಾಕಿಗಳು ಅದನ್ನು ತರುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಬಸವಕಲ್ಯಾಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ವೀರಭದ್ರಪ್ಪ ಹೊಸ ಜೀಪು ತಂದು ಪಿಂಜರಾನೇ ಬೇಕೆಂದ. ಕಮಾನು ಸಾಕೆಂದು ಹೇಳಿದೆ.

"ಕಮಾನ್ ಬಾಗಲಿಗಿ ಹಾಕ್ರಿ ಮಿಸ್ತ್ರಿ, ನನ್ನ ಗಾಡಿಗಿ ಬ್ಯಾಡ," ಎಂದ.

ಎರಡನೇ ಸಲ ನಾನು ಹೇಳಲಿಲ್ಲ. ಮಾಲಕರನ್ನು ಸೀಟಿನಲ್ಲಿ ಕೂಡಿಸಿ ತಲೆಗೂ ಪೈಪಿಗೂ ನಡುವಿನ ಜಾಗ ಅಳೆಯುವುದು ನಮ್ಮ ವಾಡಿಕೆ. ವೀರಭದ್ರಪ್ಪ ಗಿಡ್ಡ ಆಸಾಮಿ. ಒಂದು ಗೇಣು ಜಾಗ ಧಾರಾಳವಾಗಿ ಉಳಿಯಿತು.

ಅವನ ಹೆಂಡತಿ ಶಾಂತಾಬಾಯಿ ಅಲ್ಲೇ ನಿಂತಿದ್ದರು. ಗಂಡನಿಗಿಂತ ಒಂದು ತಲೆಯಷ್ಟು ಎತ್ತರ. ಅದು ಅವನಿಗೆ ಮೊದಲಿಂದಲೂ ಹೊಟ್ಟೆಯುರಿ. ಜೊತೆಗೆ ಹೋಗುವಾಗಲೂ ನಾಲ್ಕು ಹೆಜ್ಜೆ ಹಿಂದೆ ಬಾ ಎನ್ನುತ್ತಿದ್ದ.

"ಅಣ್ಣಾರ, ನನಗೂ ಒಮ್ಮೆ ಕೂಡಿಸಿ ನೋಡ್ರಿ. ಆ ಪೈಪ್ ನನ್ನ ತಲಿಗಿ ಬಡಿತದೇನೋ ಅನಸ್ತದ," ಎಂದರು ಶಾಂತಾಬಾಯಿ.

ಇವಳನ್ನು ಅಳೆಯಲು ಹೊರಟರೆ ಹುಮನಾಬಾದಿನ ಟೇಪೆಲ್ಲ ಸಾಲದು ಎಂದು ಅವನು ನಕ್ಕ. ಗಿರಾಕಿ ನಕ್ಕನೆಂದು ನಾನೂ ನಕ್ಕೆ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಪೈಪಿಗೆ ನಾನು ಸುತ್ತಿದ್ದ ದಪ್ಪ ಫೋಮನ್ನು, ಬಣ್ಣ ಕಾಣುವುದಿಲ್ಲವೆಂದು ಅವನು ವಾರದೊಳಗೆ ಕಿತ್ತೆಸೆದ.

ಮೂರು ತಿಂಗಳ ಮೇಲೆ ಗಂಡ ಹೆಂಡತಿ ಅದೇ ಜೀಪಿನಲ್ಲಿ ಹುಮನಾಬಾದಿಗೆ ಬರುತ್ತಿದ್ದರು. ಎಮ್ಮೆ ಅಡ್ಡ ಬಂತು, ಅವನು ಬ್ರೇಕ್ ಒತ್ತಿದ, ಎಡಗಡೆಯ ಚಕ್ರ ಡಾಂಬರು ಬಿಟ್ಟು ತಗ್ಗಿಗೆ ಇಳಿಯಿತು. ಅಷ್ಟೆ. ಜೀಪು ಮಗುಚಲಿಲ್ಲ, ಗಾಜು ಒಡೆಯಲಿಲ್ಲ, ಎಮ್ಮೆಗೂ ಏನೂ ಆಗಲಿಲ್ಲ. ಶಾಂತಾಬಾಯಿಯ ತಲೆ ಮಗ್ಗುಲಿನ ಪೈಪಿಗೆ ಬಡಿದಿತ್ತು. ಬೆಲ್ಟು ಹಾಕಿದ್ದರು, ಬೆಲ್ಟು ತಲೆಯನ್ನು ಹಿಡಿಯುವುದಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಪೊಲೀಸರು ಕೇಳಿದಾಗ, ಕಮಾನು ಸಾಕೆಂದು ಹೇಳಿದ್ದೆ ಎಂದೆ. ಅವರು ಬರೆದುಕೊಂಡರು. ನಕ್ಕದ್ದನ್ನು ಹೇಳಲಿಲ್ಲ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಂದಿನಿಂದ ರಸ್ತೆಯ ಗಾಡಿಗೆ ನಾನು ಪಿಂಜರಾ ಕಟ್ಟುವುದಿಲ್ಲ. ಕಮಾನಿಗೂ ಆರ್‌ಟಿಒ ಕಾಗದ ನೋಡುತ್ತೇನೆ, ಮನೆಯವರೆಲ್ಲ ಒಬ್ಬೊಬ್ಬರಾಗಿ ಕೂಡಬೇಕು. ಗಾಡಿ ತಂದವನ ತಲೆಯೊಂದೇ ತಲೆಯಲ್ಲ ಎಂಬುದನ್ನು ಈ ಕಸುಬು ನನಗೆ ಬಹಳ ತಡವಾಗಿ ಕಲಿಸಿತು.

ಹೋದ ವರ್ಷ ವೀರಭದ್ರಪ್ಪ ಅದೇ ಜೀಪಿನಲ್ಲಿ ಬಂದ, ಪಿಂಜರಾಕ್ಕೆ ಹೊಸ ಬಣ್ಣ ಹೊಡೆಸಲು. ಪಕ್ಕದ ಸೀಟಿನಲ್ಲಿ ಹೊಸ ಹೆಂಡತಿ. ತಲೆಯ ಹತ್ತಿರದ ಪೈಪುಗಳನ್ನು ಮೊದಲು ಕತ್ತರಿಸಬೇಕೆಂದೆ. ಅವನು ಆಕೆಯ ಹೆಗಲ ಮೇಲೆ ಕೈಯಿಟ್ಟ.

"ಯಾಕ್ರಿ ಮಿಸ್ತ್ರಿ? ಈ ಸಲ ನೋಡೇ ತಂದೀನಿ. ಈಕಿ ಗಿಡ್ಡ ಅದಾಳ, ತಲಿ ಪೈಪಿಗಿ ಹತ್ತಂಗಿಲ್ಲ."

ಆಕೆ ತಲೆ ತಗ್ಗಿಸಿದಳು. ಆಕೆಯನ್ನು ಇಳಿಯಲು ಹೇಳಿ, ಅವನನ್ನು ಕೇಳದೆ ಕಟರ್ ಹಚ್ಚಿದೆ. ಅವನು ಬೈಯುತ್ತಲೇ ಇದ್ದ. ಸೀಟಿನ ಹಿಂದಿನದೊಂದನ್ನು ಬಿಟ್ಟು ಉಳಿದ ಪೈಪುಗಳೆಲ್ಲ ನೆಲಕ್ಕೆ ಬೀಳಲು ಅರ್ಧ ತಾಸೂ ಹಿಡಿಯಲಿಲ್ಲ.