ಗುಡುಗಣ್ಣ ಸರಿಮಾಡಿದ ದನಿ

ಗುಡುಗಣ್ಣ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳುವುದಿಲ್ಲ. ಆ ಹೆಸರು ಬಂದದ್ದು ಅವನು ಕೇಳುವ ಸಂಗೀತದಿಂದ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಅಂಗಡಿಯೊಳಗಿನ ಏಣಿ ಹತ್ತಿದರೆ ಅಟ್ಟದಂಥ ಒಂದು ಕೋಣೆ. ಭಾನುವಾರ ಮಧ್ಯಾಹ್ನ ನಾವು ಮೂವರು ಅಲ್ಲಿ ಸೇರಿ ಹೆವಿ ಮೆಟಲ್ ಕೇಳುತ್ತಿದ್ದೆವು. ಕೇಳುತ್ತಿದ್ದೆವು ಅನ್ನುವುದಕ್ಕಿಂತ ಜಗಳವಾಡುತ್ತಿದ್ದೆವು ಅಂದರೇ ಸರಿ. ಮೂವರಿಗೂ ಐವತ್ತು ದಾಟಿದೆ, ಮೂವರಿಗೂ ಹರೆಯದ ಕಾಲದ ಕಪ್ಪು ಅಂಗಿ ಹೊಟ್ಟೆಯ ಹತ್ತಿರ ಬಿಗಿಯುತ್ತದೆ. ಅದನ್ನು ಬಿಚ್ಚಿ ಅಗಲ ಮಾಡಿ ಹೊಲಿದುಕೊಡುವವಳು ನಾನು, ಟೈಲರ್. ಮೂರನೆಯವರು ಗಣಿತದ ಮೇಷ್ಟ್ರು. ಯಾವ ತಂಡವೇ ಆಗಲಿ ಎರಡನೇ ಆಲ್ಬಮ್ ಆದಮೇಲೆ ಮರ್ಯಾದೆಯಾಗಿ ಮನೆಗೆ ಹೋಗಬೇಕು ಎಂಬುದು ಅವರ ವಾದ.

ಆ ಭಾನುವಾರ ಜಗಳ ಎದ್ದದ್ದು ಒಂದು ಹೊಸ ಆಲ್ಬಮ್ಮಿನ ಮೇಲೆ. ಎಲ್ಲೋ ದೂರದೇಶದ ಹುಡುಗರು ಮಾಡಿದ್ದು. ನಮ್ಮೂರಿನ ಒಂದು ಹಳೇ ತಂಡವೇ ತಮಗೆ ಗುರು ಎಂದು ಹೇಳಿಕೊಂಡಿದ್ದರು.

"ಸೋಪು ಹಾಕಿ ತೊಳೆದ ಹಾಗಿದೆ" ಎಂದು ಮೇಷ್ಟ್ರು ಮೂಗು ಮುರಿದರು. "ಒಂದು ಚೂರೂ ಕೊಳೆ ಇಲ್ಲ. ಇದೂ ಒಂದು ಮೆಟಲ್ಲಾ?"

"ಕೊಳೆ ಬೇಕಾದ್ರೆ ನಿಮ್ಮ ಕಿವೀಲೇ ಬೇಕಾದಷ್ಟಿದೆ" ಎಂದೆ. "ಗಿಟಾರ್ ಕೇಳಿ, ಎಷ್ಟು ಚೆನ್ನಾಗಿ ನುಡಿಸಿದಾರೆ."

"ವೇಗ ಜಾಸ್ತಿ ಆಯ್ತು" ಎಂದ ಗುಡುಗಣ್ಣ. "ಪುಟ್ಟುವಿನ ನಿಧಾನ ಇವರಿಗೆ ಬಂದಿಲ್ಲ."

ಪುಟ್ಟು ಆ ಹಳೇ ತಂಡದ ಹಾಡುಗಾರ, ಗುಡುಗಣ್ಣನ ಜೀವದ ಗೆಳೆಯ. ತಂಡ ಹಾಡಿದ್ದು ನಾಲ್ಕೇ ಹಾಡು, ಒಂದು ಖಾಲಿ ಗೋದಾಮಿನಲ್ಲಿ, ಒಂದೇ ಕ್ಯಾಸೆಟ್ಟಿಗೆ. ಅದಾದ ಕೆಲವೇ ದಿನಕ್ಕೆ ಪುಟ್ಟು ಬೈಕಿನಿಂದ ಬಿದ್ದು ಸತ್ತ. ಉಳಿದಿಬ್ಬರು ವಾದ್ಯ ಮಾರಿ ಊರು ಬಿಟ್ಟರು. ಗುಡುಗಣ್ಣ ತನ್ನ ಹಳೇ ಪ್ಲೇಯರಿಗೆ ಸಾಲ ತಂದ ರೆಕಾರ್ಡರ್ ಜೋಡಿಸಿ ಆ ಕ್ಯಾಸೆಟ್ಟನ್ನು ಕಾಪಿ ಮಾಡಿದ, ವಿಳಾಸ ಸಿಕ್ಕವರಿಗೆಲ್ಲ ಅಂಚೆಯಲ್ಲಿ ಕಳಿಸಿದ. ಅವರು ಅದರಿಂದ ಇನ್ನೊಂದು ಕಾಪಿ ಮಾಡಿಕೊಂಡರು. ಮೂಲ ಕ್ಯಾಸೆಟ್ಟನ್ನು ಕೊನೆಗೆ ಆ ಪ್ಲೇಯರೇ ಜಗಿದು ಹಾಕಿತು. ಅಷ್ಟರಲ್ಲಿ ಹಾಡು ಲೋಕ ಸುತ್ತಿತ್ತು. ಇಷ್ಟು ನಿಧಾನವಾಗಿ, ಇಷ್ಟು ಭಾರವಾಗಿ ಯಾರೂ ನುಡಿಸಿರಲಿಲ್ಲ, ಆ ದನಿ ನೆಲದಡಿಯಿಂದ ಬರುತ್ತದೆ ಎಂದು ಜನ ಹೇಳತೊಡಗಿದರು. ಎಷ್ಟೋ ತಂಡಗಳು ತಮ್ಮ ವೇಗ ಇಳಿಸಿಕೊಂಡವು. ಗುಡುಗಣ್ಣ ಮದುವೆಯಾಗಲಿಲ್ಲ, ಆ ಕ್ಯಾಸೆಟ್ಟೇ ಅವನ ಸಂಸಾರ ಎಂದು ನಾವು ರೇಗಿಸುತ್ತಿದ್ದೆವು.

ನಮ್ಮ ಜಗಳದ ನಡುವೆ ಏಣಿ ಹತ್ತಿಕೊಂಡು ಪುಟ್ಟುವಿನ ಅಕ್ಕ ಬಂದಳು. ಆಕೆ ಅಲ್ಲಿಗೆ ಹಿಂದೆಂದೂ ಬಂದವಳಲ್ಲ.

"ಅಮ್ಮನಿಗೆ ಅವನ ದನಿ ಕೇಳಬೇಕಂತೆ" ಎಂದಳು. "ಒಂದೇ ಸಮ ಕೇಳ್ತಿದಾಳೆ. ನಮ್ಮನೇಲಿ ಅವನ ಫೋಟೋ ಇದೆ, ದನಿ ಎಲ್ಲೂ ಇಲ್ಲ. ಇರೋದು ನಿನ್ನ ಹತ್ರ ಮಾತ್ರ."

ಮಗ ಸತ್ತಾಗ ಆ ಕ್ಯಾಸೆಟ್ಟನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳದಿದ್ದ ತಾಯಿ ಅವಳು. ಈಗ ಕಣ್ಣು ಹೋಗಿತ್ತು, ನೆನಪು ಬಂದು ಹೋಗಿ ಮಾಡುತ್ತಿತ್ತು. ಇಷ್ಟು ವರ್ಷ ಲೋಕಕ್ಕೆಲ್ಲ ಹಂಚಿದ್ದನ್ನು ಕೊನೆಗೂ ಅವಳಿಗೆ ಕೊಡುವ ಭಾಗ್ಯ ಬಂತೆಂದು ಗುಡುಗಣ್ಣ ಅಂದೇ ಹೊರಟ. ನಾವೂ ಹಿಂದೆಯೇ ಹೋದೆವು.

ಕಬ್ಬಿಣದ ಮಂಚ, ಸ್ಟೂಲಿನ ಮೇಲೆ ಔಷಧಿ ಬಾಟಲಿಗಳು, ಎಳೆದು ಮುಚ್ಚಿದ ಪರದೆ. ಗುಡುಗಣ್ಣ ಪ್ಲೇಯರನ್ನು ದಿಂಬಿನ ಪಕ್ಕದಲ್ಲಿಟ್ಟು ತನ್ನಲ್ಲಿ ಉಳಿದಿದ್ದ ಕಾಪಿ ಹಾಕಿದ. ನಾವು ಎಂದಿನ ಭಕ್ತಿಯಲ್ಲಿ ತಲೆ ತಗ್ಗಿಸಿ ನಿಂತೆವು. ಆ ದನಿ ಕೋಣೆ ತುಂಬಿತು. ಅವಳು ಸ್ವಲ್ಪ ಹೊತ್ತು ಕೇಳಿದಳು.

"ಯಾರಪ್ಪ ಇವನು?"

"ನಿನ್ನ ಪುಟ್ಟು ಅಮ್ಮ" ಎಂದಳು ಮಗಳು.

"ಅಲ್ಲ. ಇವನು ಯಾರೋ ದೊಡ್ಡ ಗಂಡಸು. ನನ್ನ ಮಗಂದು ಎಳೇ ದನಿ" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

"ಮರೆವು. ವಯಸ್ಸಾದಮೇಲೆ ಎಲ್ಲರಿಗೂ ಅಷ್ಟೆ" ಎಂದು ಮೇಷ್ಟ್ರು ದಾರಿಯುದ್ದಕ್ಕೂ ಸಮಾಧಾನ ಹೇಳಿದರು.

ಮರುದಿನ ನನಗೆ ಗುಡುಗಣ್ಣನಿಂದ ಕರೆ ಬಂತು. ಹೋದರೆ, ಒಂದು ಮೋಟಾರನ್ನೂ ಮುಟ್ಟದೆ ಕೂತಿದ್ದಾನೆ. ಅಂಗಡಿಯ ಮೂಲೆಯಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ, ಇಡೀ ದಿನ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಅದು ಕರೆಂಟಿನ ಸ್ವರ, ಬದಲಾಗುವುದಿಲ್ಲ. ಕ್ಯಾಸೆಟ್ಟಿನಲ್ಲೂ ಎರಡು ಹಾಡುಗಳ ನಡುವೆ ಗಿಟಾರಿನ ಆಂಪ್ಲಿಫೈಯರ್ ಹಾಗೇ ಗುಂಯ್‌ಗುಡುತ್ತದೆ. ಅವನು ಎರಡನ್ನೂ ಒಟ್ಟಿಗೆ ಕೇಳಿಸಿದ. ಹೊಲಿಗೆ ಮಿಷಿನ್ನಿನ ಸದ್ದಿಗೆ ಮಂದವಾದ ನನ್ನ ಕಿವಿಗೂ ತಿಳಿಯಿತು. ಕ್ಯಾಸೆಟ್ಟಿನದು ತಗ್ಗಿನಲ್ಲಿತ್ತು.

"ಅದೇ ಊರಿನ ಕರೆಂಟು, ಅದೇ ಸ್ವರ ಬರಬೇಕಿತ್ತು" ಎಂದ. "ಆಗ ನನ್ನ ಪ್ಲೇಯರಲ್ಲಿ ಟೇಪು ತಿರುಗಿಸೋ ಬೆಲ್ಟು ಸಡಿಲ ಆಗಿತ್ತು ಟೈಲರಮ್ಮ. ಅದು ನಿಧಾನವಾಗಿ ಓಡ್ತಿತ್ತು, ನಾನು ಅದನ್ನೇ ಕಾಪಿ ಮಾಡಿ ಊರೂರಿಗೆ ಕಳಿಸಿದೆ. ಪುಟ್ಟು ಹಾಗೆ ಹಾಡೇ ಇಲ್ಲ."

ಗೋದಾಮಿನಲ್ಲಿ ವಾದ್ಯಗಳ ಗದ್ದಲದ ನಡುವೆ ಹಾಡುವಾಗ ಪುಟ್ಟುವಿನ ದನಿ ಹೇಗಿತ್ತೆಂದು ಯಾರಿಗೆ ಗೊತ್ತಾಗಬೇಕು? ಸತ್ತಮೇಲೆ ಕ್ಯಾಸೆಟ್ಟಿನ ದನಿಯೇ ಅವನ ದನಿಯಾಯಿತು. ಊರಿನ ಮೋಟಾರುಗಳನ್ನೆಲ್ಲ ಹದಕ್ಕೆ ತರುವವನು ತನ್ನ ಪ್ಲೇಯರಿನ ಬೆಲ್ಟು ಮುಟ್ಟಿ ನೋಡಿರಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ವರ್ಷಗಟ್ಟಲೆ ಆಡಿಕೊಂಡು ನಗುತ್ತಿದ್ದೆ. ಅವನ ಮುಖ ನೋಡಿ ನಗು ಬರಲಿಲ್ಲ.

ಎರಡು ಗುಂಯ್‌ಗಳೂ ಒಂದಾಗುವವರೆಗೆ ಅವನು ಪ್ಲೇಯರಿನ ವೇಗ ಏರಿಸಿದ. ಮುಂದಿನ ಭಾನುವಾರ ಮೇಷ್ಟ್ರಿಗೆ ಕೇಳಿಸಿದೆವು. ಹಾಡು ಈಗ ದಡದಡ ಓಡುತ್ತಿತ್ತು, ಆ ಕಾಲದ ನೂರು ತಂಡಗಳಲ್ಲಿ ಇದೂ ಒಂದು ಅನ್ನುವ ಹಾಗೆ. ದನಿ ಇನ್ನೂ ಮೀಸೆ ಬಲಿಯದ ಹುಡುಗನದ್ದು. ಮೇಷ್ಟ್ರ ಮುಖ ಕಳೆಗುಂದಿತು.

"ಇದನ್ನ ಹೊರಗೆ ಬಿಡಬೇಡ" ಎಂದರು. "ಎಷ್ಟು ಜನ ಆ ನಿಧಾನವನ್ನ ನಂಬ್ಕೊಂಡಿದಾರೆ ಗೊತ್ತಾ? ನಾನೂ ನಂಬಿದೀನಿ."

"ನೀವು ನಂಬಿದ್ದು ನನ್ನ ಬೆಲ್ಟನ್ನ ಮೇಷ್ಟ್ರೇ."

"ಇರಲಿ. ಅದೇ ಚೆನ್ನಾಗಿತ್ತು." ಮೇಷ್ಟ್ರು ಏಣಿ ಇಳಿದು ಹೋದರು. ಅವರ ಮೇಲೆ ನನಗೆ ಕೋಪ ಬಂತು. ಅವರು ಹೇಳಿದ್ದು ನನಗೂ ಅನಿಸಿತ್ತು, ಅದಕ್ಕೇ ಕೋಪ ಇನ್ನಷ್ಟು ಹೆಚ್ಚಾಯಿತು.

"ಲೋಕ ಯಾವುದನ್ನ ಬೇಕಾದ್ರೂ ಇಟ್ಕೊಳ್ಲಿ" ಎಂದ ಗುಡುಗಣ್ಣ. "ಅವರಮ್ಮನಿಗೆ ಮಾತ್ರ ಅವನ ದನಿ ಮುಟ್ಟಬೇಕು. ಅವಳು ಇರೋ ಅಷ್ಟರಲ್ಲಿ."

ಅಂದೇ ಹೋದೆವು. ಅವನು ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಹಾಡು ಶುರುವಾಯಿತು, ದನಿ ಎದ್ದಿತು. ಹೊದಿಕೆಯ ಮೇಲಿದ್ದ ಅವಳ ಬೆರಳುಗಳು ನಿಂತವು.

"ಪುಟ್ಟು" ಎಂದಳು.

ಗುಡುಗಣ್ಣ ನನ್ನ ಕಡೆ ನೋಡಿದ, ಕಣ್ಣು ತುಂಬಿತ್ತು. ಅವನು ಇಡೀ ಬದುಕಿನಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಇದು ಅನಿಸಿತು. ಅಷ್ಟರಲ್ಲಿ ಅವಳು ಮೊಣಕೈ ಊರಿ ಎದ್ದು ಕೂತಳು.

"ಯಾಕೆ ಹಾಗೆ ಕಿರುಚ್ತಿದಾನೆ? ಏನಾಯ್ತು ಅವನಿಗೆ?"

"ಹಾಡ್ತಿದಾನೆ ಅಮ್ಮ" ಎಂದಳು ಮಗಳು.

"ಹಾಡಲ್ಲ ಅದು. ನನ್ನ ಮಗನ ಅಳು ನನಗೆ ಗೊತ್ತಿಲ್ವಾ? ಎಲ್ಲಿ ಬಿದ್ದಿದಾನೋ ನೋಡಿ. ಯಾರಾದ್ರೂ ಹೋಗಿ."

ಮಂಚದಿಂದ ಕಾಲು ಕೆಳಗಿಟ್ಟಳು. ಗುಡುಗಣ್ಣ ಗಾಬರಿಯಿಂದ ಪ್ಲೇಯರ್ ಆರಿಸಿದ. ಅದು ಇನ್ನೂ ಕೆಟ್ಟದ್ದಾಯಿತು.

"ಸುಮ್ಮನಾಗ್ಬಿಟ್ಟ" ಎಂದಳು. "ಯಾಕೆ ಸುಮ್ಮನಾದ?"

ಆ ಕೂಗನ್ನು ನಾವು ಸಾವಿರ ಸಲ ಕೇಳಿದ್ದೆವು. ಯಾವ ಹಾಡಿನ ಕೂಗು ಮೇಲು ಎಂದು ಗಂಟೆಗಟ್ಟಲೆ ವಾದಿಸಿದ್ದೆವು. ಅದನ್ನು ಅವನ ತಾಯಿ ಕೇಳಿದರೆ ಏನು ಕೇಳಿಸೀತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಗುಡುಗಣ್ಣ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಕೂತ. ಒಳಗೆ ಅವಳನ್ನು ಹಿಡಿದುಕೊಳ್ಳಲು ಮಗಳಿಗೂ ನನಗೂ ಸಾಕುಸಾಕಾಯಿತು. ಕೊನೆಗೆ ಅವನೇ ಬಂದು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಹೋಗಿ ನೋಡ್ಕೊಂಡು ಬಂದೆ ಅಮ್ಮ. ಚೆನ್ನಾಗಿದಾನೆ. ಮಲಗಿದಾನೆ."

"ನೀರು ಕೊಟ್ಟೆಯಾ?"

"ಕೊಟ್ಟೆ. ಕುಡಿದ."

ಅವಳು ಮಲಗಿದಳು. ಆಮೇಲೆ ಬಹಳಷ್ಟನ್ನು ಮರೆತಳು. ಮಗ ಸತ್ತದ್ದನ್ನೂ ಮರೆತಳು, ಒಂದೊಂದು ದಿನ ಮಗಳನ್ನೂ. ಆ ಅಳು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಸಂಜೆಯಾಗುತ್ತಲೇ ಪುಟ್ಟು ಅಳ್ತಿದಾನಾ ಎಂದು ಕೇಳತೊಡಗುತ್ತಾಳೆ, ಯಾರು ಹೇಳಿದರೂ ನಂಬುವುದಿಲ್ಲ. ಹೋಗಿ ನೋಡಿ ಬಂದವನೇ ಬಂದು ಹೇಳಬೇಕು. ಹಾಗಾಗಿ ಗುಡುಗಣ್ಣ ಅಂಗಡಿ ಮುಚ್ಚಿದವನೇ ಅಲ್ಲಿಗೆ ಹೋಗುತ್ತಾನೆ. ಭಾನುವಾರದ ಕೂಟ ನಿಂತಿದೆ. ಮೇಷ್ಟ್ರು ಹೊಲಿಯಲು ಬಟ್ಟೆ ಕೊಡಲು ಬಂದಾಗ ಆ ದೂರದೇಶದ ಹುಡುಗರ ಇನ್ನೊಂದು ಆಲ್ಬಮ್ ಬಂದಿದೆಯಂತೆ, ಇನ್ನೂ ನಿಧಾನ ಮಾಡಿದ್ದಾರಂತೆ ಎಂದರು. ನಾನು ಅಳತೆ ಬರೆದುಕೊಂಡೆ.

ಮೊನ್ನೆ ಅವನ ಜೊತೆ ನಾನೂ ಹೋಗಿದ್ದೆ.

"ಇವತ್ತು ಅಳಲಿಲ್ಲ ತಾನೆ?" ಎಂದಳು.

"ಇಲ್ಲಮ್ಮ. ನಗ್ತಿದ್ದ."

"ಹಾಗಾದ್ರೆ ನಾಳೆ ಬರುವಾಗ ಅವನನ್ನೂ ಕರ್ಕೊಂಡು ಬಾ."

"ಆಗಲಿ" ಎಂದು ಅವನು ಅವಳ ಹೊದಿಕೆ ಸರಿಮಾಡಿದ.